ಸ್ಕೂಲಿನ ಟೆನ್ಷನ್‌ಗೆ ಮಕ್ಕಳ ಕೈಗೆ ಏನು ಕೆಲಸ ಕೊಡ್ತೀರಾ? (ಹಾಸನ ಸುತ್ತಮುತ್ತಲಿನವರು ಹೇಳಿ)

ಹೇಮಾವತಿ ದಂಡೆ (ಹಾಸನ)
ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಮಗ ನಾಲ್ಕನೇ ಕ್ಲಾಸು. ಎರಡು ತಿಂಗಳಿಂದ ಸೋಮವಾರ ಬೆಳಗ್ಗೆ ಬಂತು ಅಂದ್ರೆ ಹೊಟ್ಟೆನೋವು. ತಿಂಡಿ ತಟ್ಟೆ ಮುಂದೆ ಕೂತು ಅಳ್ತಾನೆ. ಮಕ್ಕಳ ಡಾಕ್ಟರಿಗೆ ತೋರಿಸಿದ್ವಿ, ಸ್ಕ್ಯಾನಿಂಗೂ ಆಯ್ತು, ಹೊಟ್ಟೇಲಿ ಏನೂ ತೊಂದರೆ ಇಲ್ಲ ಅಂದ್ರು. ಬಲಗೈ ಹೆಬ್ಬೆರಳ ಉಗುರು ಕಚ್ಚಿ ಕಚ್ಚಿ ಸುತ್ತಲ ಚರ್ಮ ಕಿತ್ತು ಬಂದಿದೆ. ಸ್ಕೂಲಲ್ಲಿ ಏನಾಯ್ತು ಪುಟ್ಟ ಅಂತ ಕೇಳಿದ್ರೆ "ಏನೂ ಇಲ್ಲ" ಅಷ್ಟೇ.

ಕೈಗೆ ಕೆಲಸ ಕೊಟ್ರೆ ಮನಸ್ಸು ಹಗುರ ಆಗುತ್ತೆ ಅಂತ ಯಾರೋ ಹೇಳಿದ್ರು. ಆನ್‌ಲೈನಲ್ಲಿ ಒಂದು ಕ್ರಾಫ್ಟ್ ಕಿಟ್ ತರಿಸಿದೆ. ಮೊದಲನೇ ದಿನ ಹುಲಿ ಮುಖವಾಡ. ಡಬ್ಬದ ಮೇಲಿನ ಚಿತ್ರದ ಥರ ಬರಲಿಲ್ಲ ಅಂತ ಕಾಲು ಗಂಟೇಲಿ ಹರಿದು ಮೂಲೆಗೆ ಎಸೆದ. ನಾನೂ ಪಕ್ಕದಲ್ಲೇ ನಿಂತು "ಗೆರೆ ಮೇಲೇ ಕತ್ತರಿಸು, ಗಮ್ಮು ಅಷ್ಟೊಂದು ಹಾಕಬೇಡ" ಅಂತ ಹೇಳ್ತಾನೇ ಇದ್ದೆ. ರಾತ್ರಿ ಮಲಗಿದ ಮೇಲೆ ಅನ್ನಿಸಿತು, ಅವನಿಗೆ ಇದೂ ಇನ್ನೊಂದು ಹೋಂವರ್ಕ್ ಆಯ್ತಲ್ಲ ಅಂತ. ನಿಮ್ಮ ಮನೇಲಿ ನಿಜವಾಗಿ ಕೆಲಸಕ್ಕೆ ಬಂದಿದ್ದು ಏನಾದ್ರೂ ಇದ್ರೆ ದಯವಿಟ್ಟು ಹೇಳಿ.

ಅಂಗನವಾಡಿ ಟೀಚರ್ (ಆಲೂರು)

ಮೇಡಂ, ಮೊದಲು ಆ ಡಬ್ಬವನ್ನ ಅಟ್ಟದ ಮೇಲೆ ಇಡಿ. ಚಿತ್ರ ಮುಂದೆ ಇದ್ದಷ್ಟು ಹೊತ್ತೂ ಮಗು ತನ್ನದನ್ನ ಅದಕ್ಕೆ ಹೋಲಿಸ್ತಾನೇ ಇರುತ್ತೆ.

ನಾನು ಹದಿನಾಲ್ಕು ವರ್ಷದಿಂದ ಚಿಕ್ಕ ಮಕ್ಕಳ ಜೊತೆ ಇದೀನಿ. ಅತ್ತು ಅತ್ತು ಬರೋ ಮಗುವಿಗೆ ನಾನು ಮೊದಲು ಕೊಡೋದು ಹಿಟ್ಟಿನ ಮುದ್ದೆ. ಒಂದು ಲೋಟ ಮೈದಾ, ಅರ್ಧ ಲೋಟ ಪುಡಿ ಉಪ್ಪು, ಒಂದು ಚಮಚ ಎಣ್ಣೆ, ಸುಮಾರು ಅರ್ಧ ಲೋಟ ನೀರು. ನೀರನ್ನ ಒಂದೇ ಸಲ ಸುರೀಬೇಡಿ, ಚೂರು ಚೂರೇ ಹಾಕ್ಕೊಂಡು ಚಪಾತಿ ಹಿಟ್ಟಿಗಿಂತ ಸ್ವಲ್ಪ ಗಟ್ಟಿ ನಾದಿ. ಚಿಟಿಕೆ ಅರಿಶಿನ ಹಾಕಿದ್ರೆ ಹಳದಿ, ಬೀಟ್‌ರೂಟ್ ರಸ ಹಾಕಿದ್ರೆ ಗುಲಾಬಿ. ಉಪ್ಪು ಇರೋದ್ರಿಂದ ಬೇಗ ಕೆಡಲ್ಲ, ಡಬ್ಬಿಗೆ ಹಾಕಿ ಮುಚ್ಚಿಟ್ರೆ ಹಲವು ದಿನ ಬರುತ್ತೆ. ಆದ್ರೆ ಉಪ್ಪು ಅಷ್ಟಿರೋದಕ್ಕೇ ತಿನ್ನೋ ವಯಸ್ಸಿನ ಪುಟಾಣಿಗಳ ಕೈಗೆ ಸಿಗದ ಹಾಗೆ ನೋಡ್ಕೊಳ್ಳಿ.

ಇನ್ನೊಂದು ಮಾತು. ಹಿಟ್ಟು ನಾದೋದನ್ನೂ ಮಗೂಗೇ ಬಿಡಿ. ಅರ್ಧ ಸಮಾಧಾನ ಅಲ್ಲೇ ಆಗಿಹೋಗಿರುತ್ತೆ. ಏನು ಮಾಡಿದೆ ಅಂತ ಕೇಳೋಕೆ ಹೋಗಬೇಡಿ, ಮಾಡ್ತಾನೋ ಬಿಡ್ತಾನೋ ಅವನಿಗೇ ಬಿಟ್ಬಿಡಿ.

ಇಬ್ಬರು ಮಕ್ಕಳ ತಾಯಿ (ಚಿಕ್ಕಮಗಳೂರು)

ನಾವು ಬಲೂನಿಗೆ ಮೈದಾ ತುಂಬಿ ಹಿಸುಕೋ ಚೆಂಡು ಮಾಡಿದ್ವಿ. ಪ್ಲಾಸ್ಟಿಕ್ ಬಾಟಲಿ ತುದಿ ಕತ್ತರಿಸಿ ಆಲಿಕೆ ಥರ ಇಟ್ಕೊಂಡ್ರೆ ಹಿಟ್ಟು ಚೆನ್ನಾಗಿ ಇಳಿಯುತ್ತೆ. ದೊಡ್ಡ ಮಗಳು ಪರೀಕ್ಷೆಗೆ ಓದುವಾಗ ಹಿಸುಕ್ತಾ ಕೂರ್ತಾಳೆ.

ಆದ್ರೆ ಇದನ್ನ ಹೇಳಲೇಬೇಕು. ಒಂದು ದಿನ ಅದು ಒಡೀತು. ಹಿಟ್ಟು ಗುಡಿಸಿದೆ, ಬಲೂನಿನ ತುಂಡು ಸೋಫಾ ಕೆಳಗೆ ಹೋಗಿದ್ದು ಕಾಣಲಿಲ್ಲ. ಎರಡು ವರ್ಷದ ಮಗ ಅದನ್ನ ಬಾಯಿಗೆ ಹಾಕ್ಕೊಂಡಿದ್ದ. ಕೆಮ್ಮು ಕೇಳಿ ಓಡಿ ಬಂದು ಬೆರಳಿಗೆ ಸಿಕ್ಕಿದ್ದಕ್ಕೆ ಎಳೆದು ತೆಗೆದೆ. ಇವತ್ತಿಗೂ ನೆನೆಸಿಕೊಂಡ್ರೆ ಕೈ ತಣ್ಣಗಾಗುತ್ತೆ. ಮನೇಲಿ 8 ವರ್ಷದೊಳಗಿನ ಮಕ್ಕಳಿದ್ರೆ ಬಲೂನಿನ ಸಹವಾಸ ಬೇಡ. ರಬ್ಬರು ಗಂಟಲಿಗೆ ಅಂಟಿಕೊಂಡು ಉಸಿರನ್ನೇ ಮುಚ್ಚಿಬಿಡುತ್ತೆ.

ಈಗ ಹಳೇ ಕಾಲುಚೀಲಕ್ಕೆ ರಾಗಿ ತುಂಬಿ, ಬಾಯನ್ನ ಎರಡು ಸಲ ಹೊಲೀತೀನಿ. ಹಿಸುಕಿದ್ರೆ ಒಳಗೆ ಕಾಳು ಸರಸರ ಅನ್ನುತ್ತೆ. ನಿಜ ಹೇಳ್ಬೇಕಂದ್ರೆ ಬಲೂನಿಗಿಂತ ಇದೇ ಹಿತ.

ಬೇಲೂರು ಮೇಷ್ಟ್ರು

ತಾಯಿ, ನಿಮ್ಮ ಮಗನಿಗೆ ನಾಲ್ಕನೇ ಕ್ಲಾಸು ಅಂದ್ರಿ, ಅದಕ್ಕೇ ಇದನ್ನ ಹೇಳ್ತೀನಿ. ಸೋಪು ಕೆತ್ತಿಸಿ ನೋಡಿ.

ನಮ್ಮೂರಿನ ಚೆನ್ನಕೇಶವ ದೇವಸ್ಥಾನಕ್ಕೆ ಮಕ್ಕಳನ್ನ ವರ್ಷವರ್ಷ ಕರ್ಕೊಂಡು ಹೋಗ್ತೀನಿ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ್ದು, 2023ರಲ್ಲಿ ಹಳೇಬೀಡು, ಸೋಮನಾಥಪುರದ ಜೊತೆ ವಿಶ್ವ ಪರಂಪರೆ ಪಟ್ಟಿ ಸೇರಿದ್ದು ಎಲ್ಲಾ ಹೇಳ್ತೀನಿ. ಮಕ್ಕಳು ತಲೆ ಆಡಿಸ್ತಾರೆ. ಆದ್ರೆ ಅದು ಬಳಪದ ಕಲ್ಲು, ಸ್ಲೇಟಿನ ಮೇಲೆ ಬರೆಯೋ ಬಳಪದ ಜಾತಿಯದ್ದೇ, ನೆಲದಿಂದ ತೆಗೆದಾಗ ಮೆತ್ತಗಿದ್ದು ಗಾಳಿ ತಾಗ್ತಾ ತಾಗ್ತಾ ಗಟ್ಟಿಯಾಗುತ್ತೆ ಅಂದ ತಕ್ಷಣ ಎಲ್ಲರ ಕೈ ಗೋಡೆ ಕಡೆ ಹೋಗುತ್ತೆ. ಆ ಕುತೂಹಲ ಆರೋದ್ರೊಳಗೆ ಕ್ಲಾಸಿಗೆ ಬಂದು ಒಬ್ಬೊಬ್ಬರಿಗೆ ಒಂದು ಬಟ್ಟೆ ಸೋಪಿನ ತುಂಡು, ಒಂದು ಐಸ್‌ಕ್ರೀಮ್ ಕಡ್ಡಿ ಕೊಡ್ತೀನಿ. ಚಾಕು ಬೇಡ. ಕಡ್ಡೀಲಿ ನಿಧಾನ ಕೆರೀಬೇಕು, ಜೋರು ಮಾಡಿದ್ರೆ ಸೋಪೇ ಸೀಳುತ್ತೆ. ಕೈಗೆ ಗಾಯ ಇದ್ದವರು ಆ ದಿನ ನೋಡ್ಕೊಂಡು ಕೂರ್ತಾರೆ. ನಿಮ್ಮ ಹುಡುಗನ ಹೆಬ್ಬೆರಳು ಮಾಗಿದ ಮೇಲೆ ಮಾಡ್ಸಿ, ಉರಿಯುತ್ತೆ. ಕೆರೆದ ಪುಡೀನ ಒಂದು ಪಾತ್ರೆಗೆ ತುಂಬಿದ್ರೆ ಒಂದು ವಾರದ ಕೈ ತೊಳೆಯೋ ಸೋಪು ಆಯ್ತು.

ಮೂವತ್ತು ಮಕ್ಕಳ ಕ್ಲಾಸು ನಲವತ್ತು ನಿಮಿಷ ಸುಮ್ಮನೆ ಕೂರೋದು ನನ್ನ ಸರ್ವೀಸಿನಲ್ಲಿ ಬೇರೆ ಯಾವ ಪಾಠದಲ್ಲೂ ನೋಡಿಲ್ಲ. ಸರಸರ ಅನ್ನೋ ಸದ್ದೊಂದೇ. ಅರ್ಧಕ್ಕೆ ಬಿಟ್ರೂ ಬಿಡ್ಲಿ ಅಂತೀನಿ. ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನವೇ ಪೂರ್ತಿ ಮುಗಿಯದೆ ನಿಂತಿರೋದು, ಅದನ್ನ ನೋಡೋಕೆ ಪ್ರಪಂಚವೇ ಬರುತ್ತೆ.

ಕಾಫಿ ಕಣ (ಸಕಲೇಶಪುರ ತಾಲ್ಲೂಕು)

ನಮ್ಮ ಕಡೆ ಮಕ್ಕಳ ಭಯ ಸ್ಕೂಲಿಂದ ಮಾತ್ರ ಬರೋದಲ್ಲ. ಹೋದ ವರ್ಷ ಬೆಳಗಿನ ಜಾವ ನಮ್ಮ ಕಣಕ್ಕೆ ಕಾಡಾನೆ ಬಂತು. ಮಗಳಿಗೆ ಆಗ ಏಳು. ಕಿಟಕಿಯಿಂದ ನೋಡಿಬಿಟ್ಟಳು. ಕತ್ತಲಲ್ಲಿ ಅವಳಿಗೆ ಕಂಡಿದ್ದು ಎರಡು ಕಾಲು, ಸೊಂಡಿಲು ಅಷ್ಟೇ. ಆಮೇಲೆ ಸಂಜೆ ಆರಾದ್ರೆ ಬಚ್ಚಲಿಗೂ ಒಬ್ಬಳೇ ಹೋಗ್ತಿರಲಿಲ್ಲ.

ಗೌರಿ ಗಣೇಶ ಹಬ್ಬಕ್ಕೆ ಅಂತ ಕೆರೆ ಮಣ್ಣು ತಂದಿದ್ವಿ, ಒಂದಷ್ಟು ಉಳಿದಿತ್ತು. ಒದ್ದೆ ಬಟ್ಟೆ ಸುತ್ತಿ ಬಕೆಟ್ಟಲ್ಲಿ ಇಟ್ಟಿದ್ದೆ. ಒಂದು ಸಂಜೆ ಅವಳೇ ತೆಗೆದು ಕೂತಳು. ಮಾಡಿದ್ದು ಎರಡು ದಪ್ಪ ಕಾಲು, ನಡುವೆ ಒಂದು ಸೊಂಡಿಲು. ತಲೆ ಇಲ್ಲ, ಹೊಟ್ಟೆ ಇಲ್ಲ. ಮಾಡಿ, ಒಂದು ಕ್ಷಣ ನೋಡಿ, ಅಂಗೈಯಲ್ಲಿ ಗುದ್ದಿ ಮುದ್ದೆ ಮಾಡಿದಳು. ಮತ್ತೆ ಅದೇ ಕಾಲು, ಅದೇ ಸೊಂಡಿಲು, ಮತ್ತೆ ಗುದ್ದು. ನನಗೆ ಕೇಳಬೇಕು ಅಂತ ಬಾಯಿಗೆ ಬಂದಿತ್ತು, ತಡ್ಕೊಂಡೆ. ನಾನೂ ಒಂದು ಉಂಡೆ ತಗೊಂಡು ಪಕ್ಕದಲ್ಲಿ ಕೂತು ಸುಮ್ಮನೆ ಹಣತೆ ಮಾಡ್ತಾ ಇದ್ದೆ. ಹತ್ತು ಹನ್ನೆರಡು ದಿನ ಹೀಗೇ ನಡೀತು. ಒಂದು ದಿನ ಹೊಟ್ಟೆ ಬಂತು, ಕಿವಿ ಬಂತು. ಆವತ್ತು ಗುದ್ದಲಿಲ್ಲ, ನೆರಳಲ್ಲಿ ಒಣಗಿಸು ಅಂದಳು.

ಭಯ ಪೂರ್ತಿ ಹೋಗಿಲ್ಲ, ಆನೇನೂ ಪೂರ್ತಿ ಹೋಗಿಲ್ಲವಲ್ಲ. ಆದ್ರೆ ಬಚ್ಚಲಿಗೆ ಹೋಗ್ತಾಳೆ. ಮಣ್ಣಿನ ಗುಣ ಅಂದ್ರೆ ಅದೇ, ಎಷ್ಟು ಸಲ ಕೆಡಿಸಿದ್ರೂ ಯಾರೂ ಬೈಯೋದಿಲ್ಲ.

ಮೂಡಿಗೆರೆ ಅಪ್ಪ

ಎಲ್ಲರ ಅನುಭವಕ್ಕೂ ಗೌರವ ಇದೆ. ಆದ್ರೆ ನನ್ನ ಮಗ ಎಸ್ಸೆಸ್ಸೆಲ್ಸಿ. ಬೆಳಗ್ಗೆ ಟ್ಯೂಷನ್, ಸ್ಕೂಲು, ಮತ್ತೆ ಸಂಜೆ ಟ್ಯೂಷನ್. ರಾತ್ರಿ ಹನ್ನೊಂದಕ್ಕೆ ಫೋನ್ ಹಿಡಿದ್ರೆ ಒಂದರವರೆಗೆ ಬಿಡೋದಿಲ್ಲ. ಕಿತ್ಕೊಂಡ್ರೆ ಬಾಗಿಲು ಹಾಕ್ಕೋತಾನೆ. ಇವನಿಗೆ ಹಿಟ್ಟಿನ ಮುದ್ದೆ, ಕಾಲುಚೀಲ ಅಂದ್ರೆ ಎದ್ದು ಹೋಗ್ತಾನೆ. ಮೀಸೆ ಬರ್ತಿರೋ ಹುಡುಗರಿಗೆ ಏನಿದೆ? ಓದೋ ಹೊತ್ತಲ್ಲಿ ಇದಕ್ಕೆಲ್ಲ ಟೈಮ್ ಕೊಡೋದು ಸರೀನಾ?

ಮಕ್ಕಳ ಆಪ್ತಸಮಾಲೋಚಕಿ (ಹಾಸನ)

ಮೂಡಿಗೆರೆ ಸರ್, ನಿಮ್ಮ ಪ್ರಶ್ನೆಯಿಂದಲೇ ಶುರು ಮಾಡ್ತೀನಿ. ಫೋನ್ ಕಿತ್ಕೊಂಡಾಗ ಹುಡುಗನ ಕೈ ಖಾಲಿ ಆಗುತ್ತೆ, ದಿನದ ಒತ್ತಡ ಹಾಗೇ ಉಳಿಯುತ್ತೆ. ಆ ಖಾಲಿ ಕೈಗೆ ಬೇರೆ ಏನಾದ್ರೂ ಸಿಗಬೇಕು. ದೊಡ್ಡ ಹುಡುಗರಿಗೆ ನಿಜವಾದ ಕೆಲಸ ಹಿಡಿಸುತ್ತೆ, ಆಟಿಕೆ ಅಲ್ಲ. ನಾನು ನೋಡಿದ ಒಬ್ಬ ಹುಡುಗ ಹಳೇ ಸೈಕಲ್ ಚೈನು ಬಿಚ್ಚಿ ಸೀಮೆಎಣ್ಣೇಲಿ ತೊಳೆದು ಜೋಡಿಸ್ತಾ ಇದ್ದ. ಇನ್ನೊಬ್ಬ ಕಾಫಿ ಡಿಕಾಕ್ಷನ್ನಿನಲ್ಲಿ ಚಿತ್ರ ಬರೀತಿದ್ದ. ಮೊದಲ ಡಿಕಾಕ್ಷನ್ ಗಾಢ ಕಂದು, ನೀರು ಬೆರೆಸ್ತಾ ಹೋದ ಹಾಗೆ ತಿಳಿ. ಒಂದೇ ಬಣ್ಣದಲ್ಲಿ ಪೂರ್ತಿ ಬೆಟ್ಟದ ಸಾಲು ಬರುತ್ತೆ. ದಿನಕ್ಕೆ ಅರ್ಧ ಗಂಟೆ ಸಾಕು.

ಇದರಿಂದ ಏನಾದ್ರೂ ಆಗುತ್ತಾ ಅಂತ ಕೇಳೋರಿಗೆ: 2016ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಗಿರಿಜಾ ಕೈಮಲ್ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದ್ರು. 39 ಜನ ವಯಸ್ಕರಿಗೆ 45 ನಿಮಿಷ ಜೇಡಿಮಣ್ಣು, ಮಾರ್ಕರ್ ಪೆನ್ನು, ಕಾಗದದ ತುಂಡುಗಳನ್ನ ಕೊಟ್ಟು ಇಷ್ಟ ಬಂದದ್ದು ಮಾಡಿ ಅಂದ್ರು. ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಎಂಜಲು ತಗೊಂಡು ಕಾರ್ಟಿಸಾಲ್ ನೋಡಿದ್ರು. ಅದು ಒತ್ತಡ ಇದ್ದಾಗ ಮೈಯಲ್ಲಿ ಏರೋ ಹಾರ್ಮೋನು. ಸುಮಾರು 75% ಜನರಲ್ಲಿ ಅದು ಇಳಿದಿತ್ತು. ನನಗೆ ಮುಖ್ಯ ಅನ್ನಿಸಿದ್ದು ಇನ್ನೊಂದು ಸಂಗತಿ. ಮೊದಲಿಂದ ಚಿತ್ರ ಬರೆದು ಅಭ್ಯಾಸ ಇದ್ದವರಿಗೂ ಇಲ್ಲದವರಿಗೂ ಅದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಚಿಕ್ಕ ಅಧ್ಯಯನ, ಅದೂ ದೊಡ್ಡವರ ಮೇಲೆ, ಹಾಗಾಗಿ ಮಕ್ಕಳಿಗೆ ಅದನ್ನೇ ಲೆಕ್ಕ ಹಾಕೋಕಾಗಲ್ಲ. ಆದ್ರೆ ಚೆನ್ನಾಗಿ ಬರಲೇಬೇಕು ಅನ್ನೋ ಹಠ ಬಿಡೋಕೆ ನನಗೆ ಅಷ್ಟು ಸಾಕು.

ಸಕಲೇಶಪುರದ ಅಮ್ಮ, ನೀವು ಬಾಯಿಗೆ ಬಂದ ಪ್ರಶ್ನೆ ತಡ್ಕೊಂಡಿದ್ದು ದೊಡ್ಡ ಕೆಲಸ. ಮಗು ಮಾಡಿದ್ದಕ್ಕೆ ನಾವು ಅರ್ಥ ಹಚ್ಚೋಕೆ ಹೋಗಬಾರದು.

ಹೇಮಾವತಿ ದಂಡೆ ಮೇಡಂ, ಡಾಕ್ಟರಿಗೆ ಮೊದಲೇ ತೋರಿಸಿದ್ದು ಒಳ್ಳೇದಾಯ್ತು. ನಾಟಕ ಆಡ್ತಾನೆ ಅಂತ ಮಾತ್ರ ಯಾರೂ ಅನ್ನಬೇಡಿ. ಸ್ಕ್ಯಾನಿಂಗಿನಲ್ಲಿ ಏನೂ ಕಾಣದಿದ್ರೂ ಮಗುವಿಗೆ ನೋವು ಆಗ್ತಿರೋದು ನಿಜ. ನಿದ್ದೆ ಊಟ ಕೆಟ್ಟು ವಾರಗಟ್ಟಲೆ ಹಾಗೇ ಇದ್ರೆ, ಸ್ಕೂಲಿಗೆ ಹೋಗೋದೇ ನಿಂತ್ರೆ, ಬದುಕೋದೇ ಬೇಡ ಅನ್ನೋ ಥರ ಮಾತಾಡಿದ್ರೆ, ಕರಕುಶಲದ ಮೇಲೆ ಭಾರ ಹಾಕಿ ಕಾಯಬೇಡಿ. ಸರ್ಕಾರಿ ಆಸ್ಪತ್ರೆಯ ಮನೋವೈದ್ಯರನ್ನ ನೋಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದ್ರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡ್ತಾರೆ. ಯಾರಾದ್ರೂ ಮಗುವಿಗೆ ತೊಂದರೆ ಕೊಡ್ತಿದ್ದಾರೆ ಅನ್ನಿಸಿದ್ರೆ ಮಕ್ಕಳ ಸಹಾಯವಾಣಿ 1098.

ಅರಸೀಕೆರೆ ಅಜ್ಜಿ
(ಮೊಮ್ಮಗಳು ಟೈಪ್ ಮಾಡ್ತಿದಾಳೆ)

ನೀವೆಲ್ಲಾ ಏನೇನೋ ತರಿಸ್ತೀರಿ. ಮನೇಲಿ ಹೂ ಕಟ್ಟೋದಿಲ್ವೇನಮ್ಮಾ?

ನಂಗೆ ಏಳು ವರ್ಷ ಇದ್ದಾಗ ನಮ್ಮವ್ವ ತೀರ್ಕೊಂಡ್ಳು. ಯಾರ ಹತ್ರಾನೂ ಮಾತಾಡ್ತಿರಲಿಲ್ಲವಂತೆ ನಾನು. ನಮ್ಮಜ್ಜಿ ಒಂದು ಮೊರದ ತುಂಬ ಕನಕಾಂಬರ ಸುರಿದು ಪಕ್ಕದಲ್ಲಿ ಕೂರಿಸ್ಕೊಂಡ್ಳು. ಏನೂ ಹೇಳಿಕೊಡಲಿಲ್ಲ, ತಾನು ಕಟ್ತಾ ಹೋದ್ಳು. ನೋಡಿ ನೋಡೇ ಕಲಿತೆ.

ಬಾಳೆಪಟ್ಟೆ ನಾರನ್ನ ನೀರಲ್ಲಿ ನೆನೆಸಿ, ಉಗುರಲ್ಲಿ ಸಣ್ಣಗೆ ಸೀಳ್ಕೋಬೇಕು. ಎಡಗೈ ಬೆರಳ ಸಂದಿಗೆ ಎರಡು ಹೂ ಈ ಕಡೆ ಮುಖ, ಎರಡು ಹೂ ಆ ಕಡೆ ಮುಖ, ತೊಟ್ಟಿಗೆ ತೊಟ್ಟು ತಾಗೋ ಹಂಗೆ. ನಾರು ಒಂದು ಸುತ್ತು ಸುತ್ತಿ, ಬಲಗೈ ಬೆರಳಲ್ಲಿ ಕುಣಿಕೆ ಮಾಡಿ, ತೊಟ್ಟಿನ ಮೇಲಿಂದ ಇಳಿಸಿ ಎಳೀಬೇಕು. ಎಳೆಯೋದ್ರಲ್ಲೇ ಇರೋದು ಎಲ್ಲಾ. ಬಿಗಿಯಾಯ್ತೋ, ಕನಕಾಂಬರದ ತೊಟ್ಟು ಕಟ್ ಅಂತ ಮುರಿಯುತ್ತೆ. ಸಡ್ಲ ಆಯ್ತೋ, ಎತ್ತಿದ ತಕ್ಷಣ ಜಾರುತ್ತೆ. ತಪ್ಪಾಯ್ತು ಅಂತ ಯಾರೂ ಬಾಯಿ ಬಿಡೋದು ಬೇಡ, ಹೂವೇ ಹೇಳುತ್ತೆ. ಮುರಿದಿದ್ದು ಪಕ್ಕಕ್ಕಿಡು, ಇನ್ನೊಂದು ತಗೋ. ಮೊರದಲ್ಲಿ ಬೇಕಾದಷ್ಟು ಇದೆ.

ಹಬ್ಬ ಹತ್ರ ಬಂದ್ರೆ ಗೆಜ್ಜೆವಸ್ತ್ರ. ಹತ್ತಿ ಎಳೆಎಳೆಯಾಗಿ ಬಿಡಿಸಿ, ಬೆರಳಿಗೆ ಚೂರು ಹಾಲು ಮುಟ್ಟಿಸ್ಕೊಂಡು ಹೊಸೆಯೋದು, ಒಂದು ಗೆಜ್ಜೆ, ಚೂರು ಎಳೆ, ಮತ್ತೊಂದು ಗೆಜ್ಜೆ. ಇಪ್ಪತ್ತು ಗೆಜ್ಜೆ ಆಗೋ ಹೊತ್ತಿಗೆ ಉಸಿರು ತಾನಾಗೇ ನಿಧಾನ ಆಗಿರುತ್ತೆ. ಕಾಫಿ ನೆನಪಾಗಿ ಏಳ್ತೀವಿ, ಅಷ್ಟೇ.

ಕಡೂರಿನವಳು

ಅಜ್ಜಿ ಹೇಳಿದ್ದು ನೂರಕ್ಕೆ ನೂರು. ನಮ್ಮನೇಲಿ ಎಳೆ ರಂಗೋಲಿ. 7 ಚುಕ್ಕಿ, ಸಂದು ಚುಕ್ಕಿ 4ರವರೆಗೆ. ಮಗಳು ಇಟ್ಟ ಮೇಲೆ ಎಣಿಸ್ತಾಳೆ, 37 ಬರಬೇಕು. ಚುಕ್ಕಿ ಸುತ್ತ ಎಳೆ ತಿರುಗಿಸ್ಕೊಂಡು ಹೋಗುವಾಗ ಅವಳ ನಾಲಿಗೆ ತುದಿ ಹೊರಗೆ ಬಂದಿರುತ್ತೆ, ಲೋಕದ ಪರಿವೆ ಇರಲ್ಲ. ಮಾರನೇ ಬೆಳಗ್ಗೆ ನೀರು ಹಾಕಿ ಗುಡಿಸ್ತೀವಿ. ನೆನ್ನೆದು ಚೆನ್ನಾಗಿತ್ತೋ ಕೆಟ್ಟಿತ್ತೋ, ಅಂಗಳ ಮತ್ತೆ ಖಾಲಿ.

ಹೇಮಾವತಿ ದಂಡೆ (ಹಾಸನ)

ಎಲ್ಲರದ್ದೂ ಎರಡೆರಡು ಸಲ ಓದಿದೆ. ಅಜ್ಜಿ, ನಾನು ಹೂ ಕಟ್ಟೋದು ಬಿಟ್ಟು ಎಷ್ಟೋ ವರ್ಷ ಆಗಿತ್ತು, ಕಟ್ಟಿದ್ದನ್ನೇ ಮೊಳದ ಲೆಕ್ಕದಲ್ಲಿ ತರ್ತಿದ್ದೆ. ನಾಳೆ ಬಿಡಿ ಹೂ ತರ್ತೀನಿ. ಮನೆಯವರು "ಗಂಡುಹುಡುಗ ಹೂ ಕಟ್ಟೋದಾ" ಅಂತಿದಾರೆ.

ಅರಸೀಕೆರೆ ಅಜ್ಜಿ

ಮಾರ್ಕೆಟ್ಟಿಗೆ ಕರ್ಕೊಂಡು ಹೋಗಿ ತೋರಿಸಮ್ಮ ನಿಮ್ಮನೆಯವರಿಗೆ. ಸೇವಂತಿಗೆ ಮಾರು ಹಾಕೋರಲ್ಲಿ ಎಷ್ಟು ಜನ ಗಂಡಸರು ಇದಾರೆ ಎಣಿಸ್ಕೊಂಡು ಬರ್ಲಿ.

ಹೇಮಾವತಿ ದಂಡೆ (ಹಾಸನ)
ಮೂರು ವಾರದ ನಂತರ

ತಡವಾಯ್ತು, ಕ್ಷಮಿಸಿ. ನಡೆದಿದ್ದನ್ನ ನಡೆದ ಹಾಗೇ ಬರೀತೀನಿ.

ಮೊದಲ ನಾಲ್ಕು ದಿನ ಅವನನ್ನ ಕರೀಲೇ ಇಲ್ಲ. ಸಂಜೆ ಕಾಫಿ ಆದ ಮೇಲೆ ನಡುಮನೇಲಿ ಮೊರ ಇಟ್ಕೊಂಡು ನಾನೇ ಕಟ್ತಾ ಕೂತೆ. ಬೆರಳು ಮರೆತೇಬಿಟ್ಟಿತ್ತು, ಎಷ್ಟೋ ತೊಟ್ಟು ಮುರೀತು. ಐದನೇ ದಿನ ಪಕ್ಕಕ್ಕೆ ಬಂದು ಕೂತು ನಾರು ಸೀಳೋಕೆ ಶುರು ಮಾಡಿದ. ಕಟ್ಟಲ್ಲ, ನಾರು ಮಾತ್ರ. ಎರಡು ದಿನ ಅದೇ. ಆಮೇಲೆ "ಅಮ್ಮ, ಒಂದು ಸಲ ನಿಧಾನಕ್ಕೆ ಮಾಡು" ಅಂದ. ಅವನ ಮೊದಲ ಸರ ಎತ್ತಿದ ಕೂಡಲೇ ಅರ್ಧ ಹೂ ಉದುರಿತು. ನಾನು ಬಾಯಿ ತೆರೀಲಿಲ್ಲ. ಕಷ್ಟ ಆಯ್ತು, ಆದ್ರೂ ತೆರೀಲಿಲ್ಲ. ಆರಿಸಿಕೊಂಡು ಮತ್ತೆ ಕೂತ.

ಎರಡನೇ ವಾರದ ಒಂದು ಸಂಜೆ, ನಾನು ಏನೂ ಕೇಳಿರಲಿಲ್ಲ. ಕೈ ಮೇಲೇ ಕಣ್ಣಿಟ್ಟುಕೊಂಡು ಹೇಳಿದ. ಸೋಮವಾರ ಮೊದಲನೇ ಪೀರಿಯಡ್ ಗಣಿತವಂತೆ. ಬೋರ್ಡ್ ಹತ್ರ ನಿಲ್ಲಿಸಿ ಮಗ್ಗಿ ಹೇಳಿಸ್ತಾರಂತೆ. ಹದಿಮೂರರ ಮಗ್ಗಿ ನಡುವೆ ನಿಂತುಹೋಗಿ ಎಲ್ಲರೂ ನಕ್ಕರಂತೆ. ಅವತ್ತಿಂದ ಪ್ರತಿ ಸೋಮವಾರ ತನ್ನನ್ನೇ ಕರೀತಾರೆ ಅಂತ ಭಾನುವಾರ ರಾತ್ರಿಯಿಂದಲೇ ಕಾಯ್ತಾ ಇರ್ತಾನಂತೆ. ಎರಡು ತಿಂಗಳು ಎದುರು ಕೂರಿಸಿಕೊಂಡು, ಮುಖ ಹಿಡಿದು ಕೇಳಿದ್ರೂ ಬಾರದ ಮಾತು. ಹೇಳ್ತಾ ಹೇಳ್ತಾ ನಾಲ್ಕು ಹೂ ಜೋಡಿಸಿ ಕುಣಿಕೆ ಹಾಕಿದ, ಜಾರಲಿಲ್ಲ.

ಕ್ಲಾಸ್ ಟೀಚರನ್ನ ನೋಡಿ ಮಾತಾಡಿದೆ. ಈಗ ಅವನ ಮಗ್ಗಿಯನ್ನ ಬೋರ್ಡಿನ ಹತ್ರ ನಿಲ್ಲಿಸದೆ ಜಾಗದಲ್ಲೇ ಕೇಳ್ತಾರಂತೆ. ಹೋದ ಸೋಮವಾರ ಹೊಟ್ಟೆನೋವು ಅಂದ, ಆದ್ರೆ ತಿಂಡಿ ತಿಂದು ಹೋದ. ಉಗುರು ಇನ್ನೂ ಕಚ್ತಾನೆ. ನಾರು ಒದ್ದೆ ಇರುವಾಗ ಮಾತ್ರ ಕೈ ಬಾಯಿಗೆ ಹೋಗಲ್ಲ. ಮನೆಯವರು ಏನೂ ಮಾತಾಡಿಲ್ಲ, ನೆನ್ನೆ ಬರುವಾಗ ತಾವೇ ಅರ್ಧ ಕೆ.ಜಿ. ಬಿಡಿ ಹೂ ತಂದಿದ್ರು.

ಮೂಡಿಗೆರೆ ಅಪ್ಪ

ಓದಿ ಸಂತೋಷ ಆಯ್ತು ಮೇಡಂ. ನಮ್ಮ ಹುಡುಗ ಡಿಕಾಕ್ಷನ್ ಚಿತ್ರ ಒಪ್ಪಲಿಲ್ಲ. ತೋಟದ ಮನೇಲಿ ಕೆಟ್ಟುಹೋಗಿದ್ದ ಹಳೇ ರೇಡಿಯೋ ಕೊಟ್ಟೆ, ಬಿಚ್ಚಿ ಹರವಿಕೊಂಡು ಕೂತಿದಾನೆ. ಪ್ಲಗ್ ವೈರು ಮೊದಲೇ ಕತ್ತರಿಸಿ ಕೊಟ್ಟಿದೀನಿ. ಹಾಡುತ್ತೋ ಇಲ್ಲವೋ ಗೊತ್ತಿಲ್ಲ, ಎರಡು ದಿನ ಹನ್ನೊಂದೂವರೆಗೆ ಮಲಗಿದ. ನಾನೂ ಪಕ್ಕದಲ್ಲಿ ಸ್ಕ್ರೂ ಡಬ್ಬಿ ಹಿಡ್ಕೊಂಡು ಕೂರ್ತೀನಿ.

ಹೇಮಾವತಿ ದಂಡೆ (ಹಾಸನ)

ಅಜ್ಜಿ, ಒಂದು ಪ್ರಶ್ನೆ ಉಳೀತು. ಮಳೆ ಹಿಡಿದ್ರೆ ಕನಕಾಂಬರ ಸಿಗೋದು ಕಮ್ಮಿ, ಸಿಕ್ಕಿದ್ರೂ ರೇಟು. ಆಗ ಏನು ಕಟ್ಟಿಸ್ಲಿ?

ಅರಸೀಕೆರೆ ಅಜ್ಜಿ

ತುಳಸಿ ಕಟ್ಟಿಸು, ಮರುಗ ಕಟ್ಟಿಸು. ತುಳಸಿ ಕುಡಿ ತೊಟ್ಟು ಗಟ್ಟಿ, ಬೇಗ ಮುರಿಯಲ್ಲ, ಎಳೆ ಕೈಗೆ ಸುಲಭ. ಹಿತ್ತಲಲ್ಲಿ ಬಾಳೆ ಇಲ್ದಿದ್ರೆ ಬಿಳೀ ದಾರ ಒದ್ದೆ ಮಾಡ್ಕೊಳ್ಳಿ. ಆ ಹುಡುಗ ಕಟ್ಟಿದ್ದು ಒಂದು ಮೊಳ ಆದಾಗ ಹೇಳಮ್ಮಾ.